ಪ್ರೈಮರಿಯಲ್ಲಿ ಕ್ಯೂ ಉದ್ದ ಇದ್ದರೆ ನವೆಂಬರ್‌ನಲ್ಲಿ ಗೆಲುವು ಖಚಿತವಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಚುನಾವಣೆಯ ಬಗ್ಗೆಯೇ ಇವೆ, ಅದರಲ್ಲೂ ಕೊಡಗಿನಿಂದ ಬಂದವೇ ಜಾಸ್ತಿ. ಮಕ್ಕಳೋ ಮೊಮ್ಮಕ್ಕಳೋ ಅಮೆರಿಕದಲ್ಲಿರುವ ಮನೆಗಳು ಇಲ್ಲಿ ಊರೂರಲ್ಲೂ ಇವೆ. ಹಾಗಾಗಿ ಅಲ್ಲಿಯ ಚುನಾವಣೆ ಇಲ್ಲಿಯ ಜಗಲಿಯಲ್ಲೂ ಚರ್ಚೆಯಾಗುತ್ತೆ. ಪ್ರೈಮರಿ ಅಂದರೆ ಪಕ್ಷದ ಟಿಕೆಟ್ ಯಾರಿಗೆ ಅಂತ ಅಲ್ಲಿಯ ಮತದಾರರೇ ತೀರ್ಮಾನಿಸುವ ಚುನಾವಣೆ, ಪಕ್ಷಗಳ ನಡುವಿನ ಮುಖ್ಯ ಚುನಾವಣೆ ನಡೆಯೋದು ನವೆಂಬರ್‌ನಲ್ಲಿ. ಒಂದೇ ವಿಷಯದ ಪತ್ರಗಳನ್ನು ಒಟ್ಟಿಗೆ ಇಟ್ಟು ಉತ್ತರ ಬರೆದಿದ್ದೇನೆ.

ಪ್ರಶ್ನೆ: ನನ್ನ ಮಗಳು, ಅಳಿಯ ಟೆಕ್ಸಾಸ್‌ನಲ್ಲಿದ್ದಾರೆ. ಅಳಿಯ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು ಹೇಳ್ತಾನೆ. ಪ್ರೈಮರಿಯಲ್ಲಿ ಯಾವ ಪಕ್ಷಕ್ಕೆ ಜನ ಜಾಸ್ತಿ ಬರ್ತಾರೋ ನವೆಂಬರ್‌ನಲ್ಲಿ ಅದೇ ಪಕ್ಷ ಗೆಲ್ಲೋದಂತೆ. ನನಗೆ ಯಾಕೋ ಒಪ್ಪೋಕೆ ಆಗ್ತಿಲ್ಲ. ಆದರೆ ಅಲ್ಲ ಅನ್ನೋಕೆ ಆಧಾರವೂ ಇಲ್ಲ. ನಿಜ ಯಾವುದು?
— ನಿವೃತ್ತ ಶಿಕ್ಷಕರು, ವಿರಾಜಪೇಟೆ

ಉತ್ತರ: ಮೇಷ್ಟ್ರೇ, ನಿಮ್ಮ ಅನುಮಾನ ಸರಿಯಾಗೇ ಇದೆ. ಆಧಾರ ಬೇಕು ಅಂದ್ರಲ್ಲ, ಅಳಿಯಂದಿರು ಇರುವ ಟೆಕ್ಸಾಸಿನದೇ ಕೊಡ್ತೀನಿ.

2008ರ ಮಾರ್ಚ್ 4. ಟೆಕ್ಸಾಸ್‌ನಲ್ಲಿ ಎರಡೂ ಪಕ್ಷಗಳ ಪ್ರೈಮರಿ ಒಂದೇ ದಿನ ನಡೆಯಿತು. ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ 28 ಲಕ್ಷಕ್ಕೂ ಹೆಚ್ಚು ಜನ ವೋಟು ಹಾಕಿದರು. ರಿಪಬ್ಲಿಕನ್ ಕಡೆ ಬಂದವರು 13 ಲಕ್ಷ ಚಿಲ್ಲರೆ. ಎರಡು ಪಟ್ಟಿಗೂ ಹೆಚ್ಚಿನ ಅಂತರ! ಅಳಿಯಂದಿರ ಲೆಕ್ಕದ ಪ್ರಕಾರ ನವೆಂಬರ್‌ನಲ್ಲಿ ಟೆಕ್ಸಾಸ್ ಒಬಾಮಾ ಪಾಲಾಗಬೇಕಿತ್ತು. ಆದದ್ದೇ ಬೇರೆ. ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಅಲ್ಲಿ ಶೇ 55ರಷ್ಟು ವೋಟು ತಗೊಂಡು ಆರಾಮವಾಗಿ ಗೆದ್ದರು.

ಯಾಕೆ ಹೀಗಾಯ್ತು ಅಂತ ನೋಡಿದರೆ ಗುಟ್ಟೇನೂ ಇಲ್ಲ. ಡೆಮಾಕ್ರಟಿಕ್ ಪಕ್ಷದಲ್ಲಿ ಆಗ ಒಬಾಮಾ ಮತ್ತು ಹಿಲರಿ ಕ್ಲಿಂಟನ್ ನಡುವೆ ಜಿದ್ದಾಜಿದ್ದಿ. ಒಂದೊಂದು ರಾಜ್ಯಕ್ಕೂ ಬೆಲೆ ಇತ್ತು. ರಿಪಬ್ಲಿಕನ್ ಕಡೆ ಸ್ಪರ್ಧೆ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು, ಅದೇ ದಿನ ರಾತ್ರಿ ಮೆಕೇನ್‌ಗೆ ಟಿಕೆಟ್ ಖಚಿತವೂ ಆಯಿತು. ಮುಗಿದ ಆಟಕ್ಕೆ ಕೆಲಸ ಬಿಟ್ಟು ಹೋಗಿ ಕ್ಯೂ ನಿಲ್ಲೋರು ಯಾರು? ಜನ ಎಲ್ಲಿ ಪೈಪೋಟಿ ಇದೆಯೋ ಅಲ್ಲಿಗೆ ಹೋಗ್ತಾರೆ. ಟೆಕ್ಸಾಸ್‌ನಲ್ಲಿ ಮತದಾರರ ಪಟ್ಟಿಯಲ್ಲಿ ಪಕ್ಷದ ಹೆಸರೇ ಇರೋದಿಲ್ಲ. ಬೂತಿಗೆ ಹೋದರೆ ಯಾವ ಪಕ್ಷದ ಮತಪತ್ರ ಬೇಕು ಅಂತ ಕೇಳ್ತಾರೆ, ನೀವು ಹೇಳಿದ್ದನ್ನು ಕೊಡ್ತಾರೆ, ಅಷ್ಟೇ. ಆ ವರ್ಷ ರಿಪಬ್ಲಿಕನ್ ಒಲವಿನ ರೇಡಿಯೋ ಮಾತುಗಾರ ರಶ್ ಲಿಂಬಾ, ಎದುರು ಪಕ್ಷದ ಜಗಳ ಇನ್ನಷ್ಟು ದಿನ ಎಳೆಯಲಿ ಅಂತ, ತನ್ನ ಕೇಳುಗರಿಗೆ ಡೆಮಾಕ್ರಟಿಕ್ ಪ್ರೈಮರಿಗೆ ಹೋಗಿ ಹಿಲರಿಗೆ ವೋಟು ಹಾಕಿ ಅಂತ ಬಹಿರಂಗವಾಗೇ ಹೇಳಿದ್ದ. ಹಾಗೆ ಎಷ್ಟು ಜನ ಹಾಕಿದರೋ ಬೇರೆ ಮಾತು. ಆದರೆ ಕ್ಯೂನಲ್ಲಿ ನಿಂತವರೆಲ್ಲ ಆ ಪಕ್ಷದವರೇ ಅನ್ನೋ ಹಾಗಿಲ್ಲ ಅನ್ನೋದಕ್ಕೆ ಇಷ್ಟು ಸಾಕಲ್ವಾ.

ಇದೇ ಟೆಕ್ಸಾಸ್‌ನಲ್ಲಿ 2018ರಲ್ಲಿ ಉಲ್ಟಾ ಆಯಿತು. ಮಾರ್ಚ್ ಪ್ರೈಮರಿಯಲ್ಲಿ ರಿಪಬ್ಲಿಕನ್ನರಿಗೆ ಸುಮಾರು 15 ಲಕ್ಷ ವೋಟು, ಡೆಮಾಕ್ರಟರಿಗೆ 10 ಲಕ್ಷ. ಅಂತರ ನೋಡಿದವರು ನವೆಂಬರ್ ಏಕಪಕ್ಷೀಯ ಅಂದುಕೊಂಡಿರಬಹುದು. ಆದರೆ ಸೆನೆಟ್ ಸ್ಥಾನಕ್ಕೆ ರಿಪಬ್ಲಿಕನ್ ಟೆಡ್ ಕ್ರೂಜ್ ಮತ್ತು ಡೆಮಾಕ್ರಟ್ ಬೆಟೊ ಒ'ರೂರ್ಕ್ ನಡುವೆ ನಡೆದದ್ದು ಉಸಿರುಕಟ್ಟಿಸುವ ಸ್ಪರ್ಧೆ. ಕ್ರೂಜ್ ಗೆದ್ದರು ನಿಜ, ಆದರೆ ಶೇಕಡಾ 3ಕ್ಕಿಂತ ಕಡಿಮೆ ಅಂತರದಲ್ಲಿ.

ಒಂದು ರಾಜ್ಯದ ಕಥೆ ಸಾಲದು ಅಂತ ಅಳಿಯಂದಿರು ಅನ್ನಬಹುದು. ಸರಿ, ಇಡೀ ದೇಶದ್ದೇ ನೋಡೋಣ. ಪ್ರೈಮರಿ ಈಗಿರುವ ರೂಪಕ್ಕೆ ಬಂದದ್ದು 1972ರಿಂದ. ಅಲ್ಲಿಂದ 2024ರವರೆಗೆ 14 ಅಧ್ಯಕ್ಷೀಯ ಚುನಾವಣೆ ಆಗಿವೆ. ಎರಡೂ ಪಕ್ಷಗಳ ಪ್ರೈಮರಿ ವೋಟುಗಳನ್ನು ಪಕ್ಕಪಕ್ಕ ಇಟ್ಟು, ಹೆಚ್ಚು ವೋಟು ಬಿದ್ದ ಪಕ್ಷವೇ ಕೊನೆಗೆ ಅಧ್ಯಕ್ಷಗಿರಿ ಹಿಡಿಯಿತಾ ಅಂತ ಗುರುತು ಹಾಕುತ್ತಾ ಬನ್ನಿ. 1976, 1992, 2000, 2008, 2016, 2020, 2024: ಹೌದು. 1972, 1980, 1984, 1988, 1996, 2004, 2012: ಇಲ್ಲ. 7 ಹೌದು, 7 ಇಲ್ಲ. ಇಷ್ಟನ್ನು ಇಟ್ಟುಕೊಂಡು ಯಾರೂ ಭವಿಷ್ಯ ಹೇಳಲಾರರು.

ತಪ್ಪಿದ ವರ್ಷಗಳಲ್ಲೂ ಸಣ್ಣಪುಟ್ಟದಾಗಿ ತಪ್ಪಿದ್ದಲ್ಲ. 1972ರಲ್ಲಿ ಡೆಮಾಕ್ರಟಿಕ್ ಪ್ರೈಮರಿಗಳಿಗೆ ಸುಮಾರು 1.6 ಕೋಟಿ ವೋಟು ಬಿತ್ತು, ರಿಪಬ್ಲಿಕನ್ನರಿಗೆ 60 ಲಕ್ಷದ ಆಸುಪಾಸು. ನವೆಂಬರ್‌ನಲ್ಲಿ ರಿಪಬ್ಲಿಕನ್ ನಿಕ್ಸನ್ 50 ರಾಜ್ಯಗಳಲ್ಲಿ 49 ಗೆದ್ದರು. 1988ರಲ್ಲಿ ಡೆಮಾಕ್ರಟರಿಗೆ ಸುಮಾರು 2.3 ಕೋಟಿ, ರಿಪಬ್ಲಿಕನ್ನರಿಗೆ 1.2 ಕೋಟಿ. ಗೆದ್ದದ್ದು ರಿಪಬ್ಲಿಕನ್ ಜಾರ್ಜ್ ಬುಷ್ (ತಂದೆ), ಅದೂ 40 ರಾಜ್ಯಗಳಲ್ಲಿ.

ಈ ಲೆಕ್ಕದೊಳಗೆ ಇನ್ನೊಂದು ಲೆಕ್ಕ ಇದೆ, ನನಗೆ ಅದೇ ಹೆಚ್ಚು ಮುಖ್ಯ ಅನ್ನಿಸೋದು. ಹಾಲಿ ಅಧ್ಯಕ್ಷರು ತಮ್ಮ ಪಕ್ಷದೊಳಗೆ ಗಟ್ಟಿ ಪೈಪೋಟಿಯೇ ಇಲ್ಲದೆ ಮತ್ತೆ ಟಿಕೆಟ್ ಪಡೆದು ನವೆಂಬರ್‌ವರೆಗೂ ಕಣದಲ್ಲಿ ಉಳಿದ ವರ್ಷಗಳನ್ನಷ್ಟೇ ತೆಗೆದುಕೊಳ್ಳಿ: 1972, 1984, 1996, 2004, 2012, 2020. ಆರೂ ಸಲ ಎದುರು ಪಕ್ಷದ ಪ್ರೈಮರಿಗೇ ಜನ ಜಾಸ್ತಿ. ಅದು ಸಹಜ, ಟಿಕೆಟ್‌ಗೆ ಹೊಡೆದಾಟ ಇದ್ದದ್ದೇ ಅಲ್ಲಿ. ಆರರಲ್ಲಿ ಐದು ಸಲ ಗೆದ್ದವರು ಹಾಲಿ ಅಧ್ಯಕ್ಷರೇ, ಅಂದರೆ ಕ್ಯೂ ಚಿಕ್ಕದಿದ್ದ ಪಕ್ಷ. 2020ರಲ್ಲಿ ಮಾತ್ರ ಟ್ರಂಪ್ ಸೋತರು. ಹಾಗಾಗಿ ಅಳಿಯಂದಿರ ಸೂತ್ರವನ್ನು ಈ ಆರು ವರ್ಷಕ್ಕೆ ತಿರುಗಿಸಿ ಹಿಡಿದರೆ ಅದೇ ಹೆಚ್ಚು ಸಲ ಸರಿ ಬರುತ್ತೆ!

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಹಾಲಿ ಅಧ್ಯಕ್ಷರು ಕಣದಲ್ಲೇ ಇಲ್ಲದೆ ಎರಡೂ ಕಡೆ ಪೂರ್ತಿ ಪೈಪೋಟಿ ಇದ್ದ ವರ್ಷಗಳು 1988, 2000, 2008, 2016. ಈ ನಾಲ್ಕರಲ್ಲಿ ಮೂರು ಸಲ ಅವರ ಮಾತು ನಿಜವಾಗಿದೆ. ಆದರೆ ಆ ಮೂರರಲ್ಲೂ ಎರಡು ಹೇಗಿದ್ದವು ನೋಡಿ. 2000ದಲ್ಲಿ ದೇಶದ ಒಟ್ಟು ವೋಟಿನಲ್ಲಿ ಡೆಮಾಕ್ರಟ್ ಅಲ್ ಗೋರ್ 5 ಲಕ್ಷಕ್ಕೂ ಹೆಚ್ಚು ಮುಂದಿದ್ದರು, ರಿಪಬ್ಲಿಕನ್ ಜಾರ್ಜ್ ಬುಷ್ (ಮಗ) ಗೆದ್ದದ್ದು ಫ್ಲೋರಿಡಾದ 537 ವೋಟಿನ ಅಂತರದಿಂದ. 2016ರಲ್ಲಿ ಪ್ರೈಮರಿಗಳಲ್ಲಿ ಎರಡೂ ಪಕ್ಷಕ್ಕೆ ಹತ್ತಿರ ಹತ್ತಿರ 3 ಕೋಟಿ ಬಿದ್ದಿತ್ತು, ರಿಪಬ್ಲಿಕನ್ನರು ಕೂದಲೆಳೆಯಷ್ಟು ಮುಂದೆ. ನವೆಂಬರ್‌ನಲ್ಲಿ ಒಟ್ಟು ವೋಟಿನಲ್ಲಿ ಹಿಲರಿ ಸುಮಾರು 29 ಲಕ್ಷ ಮುಂದಿದ್ದೂ ಸೋತರು. ರಾಜ್ಯವಾರು ಲೆಕ್ಕ ಹಾಕಿ ಅಧ್ಯಕ್ಷರನ್ನು ಆರಿಸುವ ವ್ಯವಸ್ಥೆ ಇರೋದರಿಂದ ಹೀಗೆ. ಅಲ್ಲಿ ರಾಜ್ಯಗಳಿಗೆ ಹಂಚಿದ ಒಟ್ಟು 538 ಎಲೆಕ್ಟೋರಲ್ ವೋಟಿದೆ, 270 ಮುಟ್ಟಿದವರು ಗೆದ್ದಂತೆ.

ಪ್ರೈಮರಿಯ ಜನಸಂದಣಿ ಒಂದು ವಿಷಯವನ್ನಂತೂ ಖಂಡಿತ ಹೇಳುತ್ತೆ. ಆ ಪಕ್ಷದೊಳಗೆ ಟಿಕೆಟ್‌ಗೆ ಎಷ್ಟು ಬಿಸಿ ಇದೆ ಅಂತ. ಎರಡು ಪಕ್ಷದ ನಡುವೆ ಗೆಲ್ಲೋದು ಯಾರು ಅನ್ನೋದು ಬೇರೆಯೇ ಪ್ರಶ್ನೆ, ಮೇಷ್ಟ್ರೇ. ಅಳಿಯಂದಿರ ಹತ್ತಿರ ಜಗಳ ಬೇಡ, 2008ರ ಟೆಕ್ಸಾಸ್ ಲೆಕ್ಕವನ್ನು ಮಾತ್ರ ಕಳಿಸಿ ನೋಡಿ.

ಪ್ರಶ್ನೆ: ಈ ಪ್ರೈಮರಿ ಅಂದರೆ ಏನು ಅಂತಲೇ ನಮಗೆ ಸರಿಯಾಗಿ ಗೊತ್ತಿಲ್ಲ. ಪೇಪರಲ್ಲಿ ಒಮ್ಮೆ ಪ್ರೈಮರಿ ಅಂತಾರೆ, ಇನ್ನೊಮ್ಮೆ ಕಾಕಸ್ ಅಂತಾರೆ. ಎರಡೂ ಒಂದೇನಾ?
— ಪದವಿ ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ನಮ್ಮಲ್ಲಿ ಪಕ್ಷದ ಟಿಕೆಟ್ ಯಾರಿಗೆ ಅಂತ ತೀರ್ಮಾನ ಆಗೋದು ಬೆಂಗಳೂರಲ್ಲಿ, ಕೊನೆಗೆ ದೆಹಲಿಯಲ್ಲಿ ಅಲ್ವಾ? ಅಮೆರಿಕದಲ್ಲಿ ಅದನ್ನು ತೀರ್ಮಾನ ಮಾಡೋದು ಸಾಮಾನ್ಯ ಮತದಾರರು. ಆ ಟಿಕೆಟ್ ಚುನಾವಣೆಯೇ ಪ್ರೈಮರಿ. ಮೊದಲಿಂದ ಹೀಗೆ ಇರಲಿಲ್ಲ ತಂಗಿ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಗೆ ನಿಲ್ಲದೆ, ಪಕ್ಷದ ಮುಖಂಡರ ಬಲದಿಂದಲೇ ಡೆಮಾಕ್ರಟಿಕ್ ಟಿಕೆಟ್ ಪಡೆದರು. ಶಿಕಾಗೋದಲ್ಲಿ ಸಮಾವೇಶ ನಡೆಯುವಾಗ ಹೊರಗೆ ಬೀದಿಯಲ್ಲಿ ದೊಡ್ಡ ಗಲಾಟೆ, ಪೊಲೀಸರ ಲಾಠಿ ಏಟು. ಆಮೇಲೆ ನಿಯಮ ಬದಲಾಯಿತು, 1972ರಿಂದ ಪ್ರೈಮರಿಗೆ ನಿಜವಾದ ತೂಕ ಬಂತು.

ಕಾಕಸ್ ಬೇರೆ. ಅದು ಸಭೆ. ಅಯೋವಾ ರಾಜ್ಯದಲ್ಲಿ ಡೆಮಾಕ್ರಟರು 2020ರವರೆಗೂ ಮಾಡುತ್ತಿದ್ದ ರೀತಿ ಹೇಳ್ತೀನಿ. ಚಳಿಗಾಲದ ರಾತ್ರಿ, ಊರ ಶಾಲೆಯಲ್ಲೋ ಚರ್ಚಿನ ಹಾಲಿನಲ್ಲೋ ಜನ ಸೇರ್ತಾರೆ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ. ನಿಮಗೆ ಬೇಕಾದವರ ಮೂಲೆಗೆ ಹೋಗಿ ಎಲ್ಲರೆದುರೇ ನಿಲ್ಲಬೇಕು, ತಲೆ ಎಣಿಸ್ತಾರೆ. ಸಾಮಾನ್ಯವಾಗಿ ಶೇ 15ರಷ್ಟು ಜನ ಸೇರದ ಮೂಲೆ ಲೆಕ್ಕಕ್ಕಿಲ್ಲ. ಅಲ್ಲಿದ್ದವರನ್ನು ಅಕ್ಕಪಕ್ಕದ ಮೂಲೆಯವರು ಬನ್ನಿ ಬನ್ನಿ ಅಂತ ಕರೀತಾರೆ, ಅವರು ಬೇರೆ ಕಡೆ ಹೋಗಬಹುದು. ಗಂಟೆಗಟ್ಟಲೆ ಸಮಯ ಹಿಡಿಯುತ್ತೆ. ರಾತ್ರಿ ಪಾಳಿಯವರು, ಚಿಕ್ಕ ಮಕ್ಕಳ ತಾಯಂದಿರು, ಹಿಮದಲ್ಲಿ ಓಡಾಡಲಾಗದ ವಯಸ್ಸಾದವರು ಎಲ್ಲಿ ಬರೋಕಾಗುತ್ತೆ? ಅದಕ್ಕೇ ಕಾಕಸ್‌ಗೆ ಬಂದವರ ಸಂಖ್ಯೆಯನ್ನು ಪ್ರೈಮರಿ ವೋಟಿನ ಜೊತೆ ಕೂಡಿಸಿ ಹೋಲಿಸೋದು ಸರಿಯಲ್ಲ. ಮೇಲೆ ನಾನು ಕೊಟ್ಟ ದೇಶದ ಅಂಕಿಗಳು ಪ್ರೈಮರಿಯವು.

ಪ್ರಶ್ನೆ: ನಾವು ಕಾಫಿಯವರು. ಹೂ ನೋಡಿ ಫಸಲು ಲೆಕ್ಕ ಹಾಕೋದು ನಮಗೆ ಅಭ್ಯಾಸ. ಕಾಫಿ ಮಂಡಳಿಯೂ ಹೂವಾದ ಮೇಲೆ ಒಂದು ಅಂದಾಜು ಕೊಡುತ್ತೆ, ಅದಕ್ಕೆ ವ್ಯಾಪಾರಿಗಳೂ ಬೆಲೆ ಕೊಡ್ತಾರೆ. ಹಾಗಿರುವಾಗ ಪ್ರೈಮರಿ ನೋಡಿ ಚುನಾವಣೆ ಅಂದಾಜು ಮಾಡಿದರೆ ತಪ್ಪೇನು?
— ಬೆಳೆಗಾರರು, ಸುಂಟಿಕೊಪ್ಪ

ಉತ್ತರ: ಒಳ್ಳೆ ಪ್ರಶ್ನೆ. ನೀವು ಹೇಳಿದ್ದನ್ನೇ ಹಿಡಿದು ಹೋಗೋಣ. ಹೂ ಮಳೆ ಸರಿಯಾದ ಹೊತ್ತಿಗೆ ಬಿದ್ದು ತೋಟವೆಲ್ಲ ಬೆಳ್ಳಗಾದರೂ ನೀವು ಅಷ್ಟಕ್ಕೇ ಪಿಕ್ಕಿಂಗ್‌ಗೆ ಆಳು ಗೊತ್ತು ಮಾಡೋದಿಲ್ಲ. ಆಮೇಲೆ ಕಾಯಿ ಕಚ್ಚೋಕೆ ಬ್ಯಾಕಿಂಗ್ ಮಳೆ ಬರಬೇಕು. ಜುಲೈ-ಆಗಸ್ಟ್‌ನಲ್ಲಿ ಮಳೆ ಅತಿಯಾದರೆ ಕಾಯಿ ಉದುರುತ್ತೆ, ಕೊಳೆರೋಗ ಬರುತ್ತೆ. ಅದಕ್ಕೇ ಮಂಡಳಿಯವರು ಮಳೆಗಾಲ ಮುಗಿದ ಮೇಲೆ ಇನ್ನೊಂದು ಅಂದಾಜು ಕೊಡೋದು. ಪ್ರೈಮರಿಗಳು ನಡೆಯೋದು ಸಾಮಾನ್ಯವಾಗಿ ಜನವರಿಯಿಂದ ಜೂನ್‌ವರೆಗೆ. ಅಲ್ಲಿಂದ ನವೆಂಬರ್‌ಗೆ ಒಂದು ಪೂರ್ತಿ ಮಳೆಗಾಲದಷ್ಟು ದೂರ ಇದೆ. 1988ರ ಬೇಸಿಗೆಯಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಮೈಕೆಲ್ ಡುಕಾಕಿಸ್ ಸಮೀಕ್ಷೆಯಲ್ಲಿ ಶೇ 17ರಷ್ಟು ಮುಂದಿದ್ದರು, ನವೆಂಬರ್ ಹೊತ್ತಿಗೆ ಅದೆಲ್ಲ ಕರಗಿ ಹೋಗಿತ್ತು. 2024ರಲ್ಲಂತೂ ಪ್ರೈಮರಿಗಳೆಲ್ಲ ಮುಗಿದ ಮೇಲೆ, ಜುಲೈ 21ಕ್ಕೆ ಬೈಡನ್ ಕಣದಿಂದಲೇ ಹಿಂದೆ ಸರಿದರು. ಜನ ಪ್ರೈಮರಿಯಲ್ಲಿ ವೋಟು ಹಾಕಿದ್ದು ಒಬ್ಬರಿಗೆ, ನವೆಂಬರ್‌ನ ಮತಪತ್ರದಲ್ಲಿ ಇದ್ದ ಹೆಸರು ಕಮಲಾ ಹ್ಯಾರಿಸ್.

ಆದರೆ ಕಾಫಿಗೂ ಪ್ರೈಮರಿಗೂ ಇರುವ ದೊಡ್ಡ ವ್ಯತ್ಯಾಸ ಮಳೆಯದ್ದಲ್ಲ. ತೋಟದಲ್ಲಿ ಹೂ ಬಿಟ್ಟ ಗಿಡವೇ ಕಾಯಿ ಕಚ್ಚೋದು. ಚುನಾವಣೆಯಲ್ಲಿ ಹೂವೇ ಬಿಡದ ಗಿಡಗಳಲ್ಲೂ ನವೆಂಬರ್‌ಗೆ ಫಸಲು ಬರುತ್ತೆ, ಅದೂ ಅರ್ಧಕ್ಕಿಂತ ಜಾಸ್ತಿ! 2016ರಲ್ಲಿ ಎರಡೂ ಪಕ್ಷ ಸೇರಿ ಪ್ರೈಮರಿಗೆ ವೋಟು ಹಾಕಿದವರು 6 ಕೋಟಿ ಚಿಲ್ಲರೆ. ನವೆಂಬರ್‌ನಲ್ಲಿ ವೋಟು ಹಾಕಿದವರು 13 ಕೋಟಿಗೂ ಹೆಚ್ಚು. ಪ್ರೈಮರಿಗೆ ಬರುವವರು ಸಾಮಾನ್ಯವಾಗಿ ವಯಸ್ಸಲ್ಲಿ ಹಿರಿಯರು, ರಾಜಕೀಯ ಹಚ್ಚಿಕೊಂಡವರು, ಪಕ್ಷದ ಕಡೆ ಗಟ್ಟಿ ಒಲವಿದ್ದವರು. ಇವರು ಹೇಗೂ ನವೆಂಬರ್‌ನಲ್ಲಿ ಬಂದೇ ಬರ್ತಾರೆ, ಹೆಚ್ಚಿನವರು ಯಾರಿಗೆ ಹಾಕ್ತಾರೆ ಅಂತಲೂ ಗೊತ್ತು. ಫಲಿತಾಂಶ ಆ ಕಡೆ ಈ ಕಡೆ ಆಗೋದು ಪ್ರೈಮರಿಗೆ ಬರದೇ ಉಳಿದ ಆ ದೊಡ್ಡ ಗುಂಪಿನಿಂದ. ಅವರ ಬಗ್ಗೆ ಪ್ರೈಮರಿಯ ಕ್ಯೂ ಏನೂ ಹೇಳೋದಿಲ್ಲ.

ಪ್ರಶ್ನೆ: ಹಾಗಾದರೆ ಪ್ರೈಮರಿಯಿಂದ ಏನೂ ಗೊತ್ತಾಗೋದೇ ಇಲ್ವಾ? ಸುಮ್ನೆ ಅಷ್ಟೊಂದು ಜನ ಅದನ್ನು ಕೂತು ಲೆಕ್ಕ ಹಾಕ್ತಾರಾ?
— ಗೋಣಿಕೊಪ್ಪಲಿನಿಂದ ಒಬ್ಬ ಓದುಗರು

ಉತ್ತರ: ಗೊತ್ತಾಗುತ್ತೆ, ಆದರೆ ನೋಡಬೇಕಾದ್ದು ಬೇರೆ.

ಮೊದಲನೇದು, ಹಾಲಿ ಅಧ್ಯಕ್ಷರಿಗೆ ಅವರದೇ ಪಕ್ಷದಲ್ಲಿ ಬಂಡಾಯ ಎದ್ದಿದೆಯಾ ಅಂತ ನೋಡಿ. ನನ್ನ ಮಟ್ಟಿಗೆ ಪ್ರೈಮರಿ ಕೊಡುವ ಅತಿ ಗಟ್ಟಿ ಸುಳಿವು ಇದೇ. 1976ರಲ್ಲಿ ಫೋರ್ಡ್ ಎದುರು ರೇಗನ್ ನಿಂತರು. 1980ರಲ್ಲಿ ಕಾರ್ಟರ್ ಎದುರು ಎಡ್ವರ್ಡ್ ಕೆನಡಿ. 1992ರಲ್ಲಿ ತಂದೆ ಬುಷ್ ಎದುರು ಪ್ಯಾಟ್ ಬುಕ್ಯಾನನ್, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಾಲಿ ಅಧ್ಯಕ್ಷರ ಎದುರೇ ಶೇ 37ರಷ್ಟು ವೋಟು ತಗೊಂಡರು. ಮೂವರು ಅಧ್ಯಕ್ಷರೂ ಟಿಕೆಟ್ ಉಳಿಸಿಕೊಂಡರು, ನವೆಂಬರ್‌ನಲ್ಲಿ ಮೂವರೂ ಸೋತರು. 1968ರಲ್ಲಿ ಲಿಂಡನ್ ಜಾನ್ಸನ್ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಯೂಜೀನ್ ಮೆಕಾರ್ಥಿಗಿಂತ ಮುಂದೇ ಇದ್ದರು, ಆದರೂ ಅಂತರ ಕಡಿಮೆಯಾಯಿತು ಅನ್ನೋದೇ ಸುದ್ದಿಯಾಗಿ ಆ ತಿಂಗಳು ಮುಗಿಯುವುದರೊಳಗೆ ಮತ್ತೆ ನಿಲ್ಲೋದಿಲ್ಲ ಅಂದುಬಿಟ್ಟರು. ಇಲ್ಲಿ ಕೆಲಸ ಮಾಡೋದು ತಲೆ ಎಣಿಕೆ ಅಲ್ಲ, ಮನೆಯೊಳಗಿನ ಬಿರುಕು.

ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆಲ್ಮುಟ್ ನಾರ್ಪೋತ್ ಇಂಥದ್ದೇ ಒಂದು ಸೂತ್ರ ಮಾಡಿದ್ದಾರೆ. ಅವರು ಎಷ್ಟು ಜನ ಬಂದರು ಅಂತ ನೋಡೋದಿಲ್ಲ. ಯಾವ ಅಭ್ಯರ್ಥಿ ತನ್ನ ಪಕ್ಷದ ಆರಂಭದ ಪ್ರೈಮರಿಗಳಲ್ಲಿ ಎಷ್ಟು ಬಲವಾಗಿ ಗೆದ್ದ ಅಂತ ನೋಡ್ತಾರೆ. 2016ರಲ್ಲಿ ಸಮೀಕ್ಷೆಗಳೆಲ್ಲ ಹಿಲರಿ ಅಂತಿದ್ದಾಗ ಇವರು ಟ್ರಂಪ್ ಗೆಲ್ಲುವ ಸಾಧ್ಯತೆ ಶೇ 87 ಅಂದರು, ಸರಿಯಾಯಿತು. 2020ರಲ್ಲಿ ಅದೇ ಸೂತ್ರ ಟ್ರಂಪ್‌ಗೆ ಶೇ 91 ಕೊಟ್ಟಿತು, ಸುಳ್ಳಾಯಿತು. ಹಳೇ ಚುನಾವಣೆಗಳಿಗೆ ಸರಿಹೊಂದುವ ಸೂತ್ರ ಮಾಡೋದು ಕಷ್ಟವಲ್ಲ. ಮುಂದಿನದಕ್ಕೆ ಹೊಂದಬೇಕಲ್ಲ, ಕಷ್ಟ ಇರೋದು ಅಲ್ಲಿ.

ಇನ್ನೊಂದು ಸ್ವಾರಸ್ಯ ವಾಷಿಂಗ್ಟನ್ ರಾಜ್ಯದ್ದು. ರಾಜಧಾನಿ ಅಲ್ಲ, ಪಶ್ಚಿಮ ಕರಾವಳಿಯ ರಾಜ್ಯ. ಅಲ್ಲಿ 2008ರಿಂದ ಆಗಸ್ಟ್‌ನಲ್ಲಿ ನಡೆಯುವ ಪ್ರೈಮರಿಯಲ್ಲಿ ಪಕ್ಷಕ್ಕೊಂದು ಮತಪತ್ರ ಅಂತ ಇಲ್ಲ. ಎಲ್ಲಾ ಪಕ್ಷದವರ ಹೆಸರೂ ಒಂದೇ ಪಟ್ಟಿಯಲ್ಲಿ, ಯಾರು ಯಾರಿಗೆ ಬೇಕಾದರೂ ಹಾಕಬಹುದು, ಮೊದಲ ಇಬ್ಬರು ನವೆಂಬರ್‌ಗೆ ಹೋಗ್ತಾರೆ. ಅಲ್ಲಿ ಪ್ರತಿ ಪಕ್ಷದ ಅಭ್ಯರ್ಥಿಗಳ ವೋಟನ್ನೆಲ್ಲ ಕೂಡಿಸಿ, ಹಿಂದಿನ ಸಲದ ಆಗಸ್ಟ್ ಜೊತೆ ಹೋಲಿಸಿದರೆ ದೇಶದಲ್ಲಿ ಗಾಳಿ ಯಾವ ಕಡೆ ಬೀಸ್ತಿದೆ ಅಂತ ಒಂದು ಮಟ್ಟಿಗೆ ತಿಳಿಯುತ್ತೆ, ಚುನಾವಣಾ ವಿಶ್ಲೇಷಕರು ಅದನ್ನು ಗಂಭೀರವಾಗೇ ತಗೋತಾರೆ. ಯಾಕಂದ್ರೆ ಅದು ಪಕ್ಷದೊಳಗಿನ ಆಟವೇ ಅಲ್ಲ, ಎರಡೂ ಪಕ್ಷ ಎದುರುಬದುರಾಗಿ ನಿಲ್ಲುವ ಅರ್ಧ ಚುನಾವಣೆ. ಅದೂ ನವೆಂಬರ್‌ಗೆ ಹತ್ತಿರ. ಹಾಗಂತ ಇದೇ ಪದ್ಧತಿ ಇರುವ ಕ್ಯಾಲಿಫೋರ್ನಿಯಾಕ್ಕೆ ಅದೇ ಲೆಕ್ಕ ಹಚ್ಚೋಕಾಗಲ್ಲ. ಅಲ್ಲಿ ಜೂನ್‌ನಲ್ಲಿ ಬರುವವರಿಗಿಂತ ನವೆಂಬರ್‌ನಲ್ಲಿ ಬರುವವರಲ್ಲಿ ಡೆಮಾಕ್ರಟರ ಪಾಲು ಹೆಚ್ಚಿರುತ್ತೆ.

ಅಧ್ಯಕ್ಷರ ಆಯ್ಕೆ ಇಲ್ಲದ ಮಧ್ಯಂತರ ಚುನಾವಣೆಗಳಲ್ಲಿ ಕ್ಯೂಗೆ ಸ್ವಲ್ಪ ಅರ್ಥ ಇದೆ ಅಂತ ಒಪ್ತೀನಿ. 2018ರಲ್ಲಿ ಡೆಮಾಕ್ರಟಿಕ್ ಪ್ರೈಮರಿಗಳಿಗೆ 2014ಕ್ಕಿಂತ ತುಂಬಾ ಜಾಸ್ತಿ ಜನ ಬಂದರು, ನವೆಂಬರ್‌ನಲ್ಲಿ ಕೆಳಮನೆಯಲ್ಲಿ ಅವರಿಗೆ 40 ಸ್ಥಾನ ಹೆಚ್ಚಾಯಿತು. ಇಲ್ಲಿ ಹೋಲಿಸಿದ್ದು ಎದುರು ಪಕ್ಷದ ಜೊತೆ ಅಲ್ಲ, ಅದೇ ಪಕ್ಷದ ಹಿಂದಿನ ಸಲದ ಜೊತೆ. ಈ ಒಂದು ವ್ಯತ್ಯಾಸ ಗಮನದಲ್ಲಿಟ್ಟುಕೊಂಡರೆ ಟಿವಿಯಲ್ಲಿ ಕೇಳುವ ಅರ್ಧದಷ್ಟು ಭವಿಷ್ಯವಾಣಿಗಳನ್ನು ಪಕ್ಕಕ್ಕಿಡಬಹುದು.

ಪ್ರಶ್ನೆ: ನಮ್ಮ ದೇಶದಲ್ಲಿ ಯಾವ ಪಕ್ಷವೂ ಇಂಥ ಪ್ರೈಮರಿ ಮಾಡೇ ಇಲ್ವಾ?
— ಸೋಮವಾರಪೇಟೆಯ ಅಂಗಡಿ ಮಾಲೀಕರು

ಉತ್ತರ: ಮಾಡಿದ್ದಾರೆ, ಅದೂ ನಮ್ಮ ಪಕ್ಕದಲ್ಲೇ. 2014ರ ಲೋಕಸಭಾ ಚುನಾವಣೆಗೆ ಮುಂಚೆ, ರಾಹುಲ್ ಗಾಂಧಿಯವರ ಯೋಚನೆಯಂತೆ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಈ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ದಕ್ಷಿಣ ಕನ್ನಡದಲ್ಲಿ ಹಿರಿಯರಾದ ಜನಾರ್ದನ ಪೂಜಾರಿಯವರು ವೀರಪ್ಪ ಮೊಯ್ಲಿಯವರ ಮಗ ಹರ್ಷ ಮೊಯ್ಲಿಯವರನ್ನು ಸೋಲಿಸಿ ಟಿಕೆಟ್ ಪಡೆದರು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಗೆದ್ದರು. ಮುಂದೆ ನಿಜವಾದ ಚುನಾವಣೆಯಲ್ಲಿ ಪೂಜಾರಿಯವರು ಬಿಜೆಪಿಯ ನಳಿನ್ ಕುಮಾರ್ ಕಟೀಲ್ ಎದುರು ಸುಮಾರು 1.4 ಲಕ್ಷ ವೋಟಿನಿಂದ ಸೋತರು, ನಾರಾಯಣಸ್ವಾಮಿ ಡಿ.ವಿ. ಸದಾನಂದ ಗೌಡರ ಎದುರು ಸೋತರು.

ಇದರಿಂದ ಪ್ರೈಮರಿಯೇ ದಂಡ ಅನ್ನೋರಿದ್ದಾರೆ. ನಾನು ಹಾಗೆ ಹೇಳೋದಿಲ್ಲ. ಅಲ್ಲಿ ವೋಟು ಹಾಕಿದ್ದು ಪಕ್ಷದ ಪದಾಧಿಕಾರಿಗಳು, ಊರಿನ ಮತದಾರರಲ್ಲ. ಆ ವರ್ಷ ದೇಶದಲ್ಲಿ ಎದ್ದಿದ್ದ ಮೋದಿ ಅಲೆಯ ಮುಂದೆ ಟಿಕೆಟ್ ಯಾವ ರೀತಿ ಕೊಟ್ಟಿದ್ದರೂ ಹೆಚ್ಚು ವ್ಯತ್ಯಾಸ ಆಗುತ್ತಿರಲಿಲ್ಲ. 2009ಕ್ಕೆ ಮುಂಚೆ ನಮ್ಮ ಕೊಡಗೂ ಮಂಗಳೂರು ಲೋಕಸಭಾ ಕ್ಷೇತ್ರಕ್ಕೇ ಸೇರಿತ್ತು. ಮರುವಿಂಗಡಣೆ ಆಗದೇ ಇದ್ದಿದ್ದರೆ ಈ ಪ್ರಯೋಗ ನಮ್ಮ ಮನೆ ಬಾಗಿಲಿಗೂ ಬರುತ್ತಿತ್ತು. ಟಿಕೆಟ್‌ಗಾಗಿ ಬೆಂಗಳೂರಿಗೆ ಓಡಾಡೋದರ ಬದಲು ಪೊನ್ನಂಪೇಟೆ, ಶನಿವಾರಸಂತೆಯ ಕಾರ್ಯಕರ್ತರ ಮುಂದೆ ನಿಂತು ಕೇಳಬೇಕು ಅನ್ನೋ ಪದ್ಧತಿ ಬಂದರೆ ನನಗಂತೂ ಖುಷಿ, ಅದು ಯಾವ ಪಕ್ಷ ತಂದರೂ ಸರಿ.

ಪ್ರಶ್ನೆ: ಪ್ರೈಮರಿ ಬಿಡಿ. ನಮ್ಮಲ್ಲಿ ವಿಧಾನಸಭೆ ಫಲಿತಾಂಶ ನೋಡಿ ಲೋಕಸಭೆ ಹೇಳಬಹುದಲ್ವಾ? ಅದೇ ಜನ, ಅದೇ ಬೂತು.
— ಮಡಿಕೇರಿಯಿಂದ ಒಬ್ಬ ಓದುಗರು

ಉತ್ತರ: ನಮ್ಮೂರಿನದ್ದೇ ನೋಡಿ. 2023ರ ಮೇ ತಿಂಗಳಲ್ಲಿ ಮಡಿಕೇರಿಯಲ್ಲಿ ಮಂತರ್ ಗೌಡ, ವಿರಾಜಪೇಟೆಯಲ್ಲಿ ಎ.ಎಸ್. ಪೊನ್ನಣ್ಣ ಗೆದ್ದು ಕೊಡಗಿನ ಎರಡೂ ಸ್ಥಾನ ಕಾಂಗ್ರೆಸ್‌ಗೆ ಹೋದವು. ಬಿಜೆಪಿಯ ಅಪ್ಪಚ್ಚು ರಂಜನ್, ಕೆ.ಜಿ. ಬೋಪಯ್ಯ ಅಂಥ ಹಳೇ ಹುಲಿಗಳು ಸೋತದ್ದು ಎರಡೂ ಕಡೆ ನಾಲ್ಕು ಸಾವಿರ ಚಿಲ್ಲರೆ ವೋಟಿನಿಂದ. ಒಂದೇ ವರ್ಷ ಕಳೆಯಿತು. 2024ರಲ್ಲಿ ಮೈಸೂರು-ಕೊಡಗು ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯ ಯದುವೀರ್ ಒಡೆಯರ್ ಸುಮಾರು 1.39 ಲಕ್ಷದ ಅಂತರದಿಂದ ಗೆದ್ದರು. ಇಡೀ ರಾಜ್ಯದಲ್ಲೂ ಹಾಗೇ. 2023ರಲ್ಲಿ 135 ಸ್ಥಾನ ಗೆದ್ದ ಕಾಂಗ್ರೆಸ್‌ಗೆ ಮರುವರ್ಷ ಲೋಕಸಭೆಯ 28ರಲ್ಲಿ 9 ಸಿಕ್ಕವು. ಹತ್ತು ವರ್ಷ ಹಿಂದೆಯೂ ಇದೇ ಕಥೆ, 2013ರಲ್ಲಿ 122, 2014ರಲ್ಲಿ ಅದೇ 9.

ಇದು ಹೊಸದೇನೂ ಅಲ್ಲ. 1984ರ ಡಿಸೆಂಬರ್‌ನಲ್ಲಿ ಕರ್ನಾಟಕ ಲೋಕಸಭೆಗೆ ಕಾಂಗ್ರೆಸ್ಸಿನ 24 ಜನರನ್ನು ಕಳಿಸಿತು. ಸೋಲಿನ ಹೊಣೆ ಹೊತ್ತು ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಇದೇ ಜನ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟು ಅವರನ್ನೇ ವಾಪಸ್ ತಂದರು. ಮೂರು ತಿಂಗಳ ಅಂತರ ಅಷ್ಟೇ! ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಅಂತ ನಮ್ಮ ಮತದಾರ ಬೇರೆ ಬೇರೆಯಾಗಿ ಯೋಚಿಸ್ತಾನೆ. ಇದನ್ನು ಗೊಂದಲ ಅಂತ ಕರೆಯೋರನ್ನು ಕಂಡರೆ ನನಗೆ ಬೇಜಾರಾಗುತ್ತೆ. ಅದು ತುಂಬಾ ಸ್ಪಷ್ಟವಾದ ಲೆಕ್ಕಾಚಾರ.

ಪ್ರಶ್ನೆ: ಗ್ರಾಮ ಪಂಚಾಯಿತಿ ಚುನಾವಣೆ ಆದ ಮೇಲೆ ಎಲ್ಲಾ ಪಕ್ಷದವರೂ ನಾವೇ ಹೆಚ್ಚು ಗೆದ್ದದ್ದು ಅಂತಾರೆ. ಯಾರನ್ನು ನಂಬೋದು?
— ನಾಪೋಕ್ಲುವಿನಿಂದ ಒಬ್ಬ ಗೃಹಿಣಿ

ಉತ್ತರ: ಯಾರನ್ನೂ ನಂಬಬೇಡಿ ಅಕ್ಕ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೇ ಇಲ್ಲ. ಗೆದ್ದವರು ಯಾವ ಪಕ್ಷದ ಬೆಂಬಲಿಗರು ಅಂತ ಬರೆದಿಟ್ಟ ಅಧಿಕೃತ ಲೆಕ್ಕವೂ ಇರೋದಿಲ್ಲ. ಅಲ್ಲಿ ಜನ ನೋಡೋದು ನೀರು, ರಸ್ತೆ, ಮನೆತನ, ಮನುಷ್ಯ ಕಷ್ಟಕ್ಕೆ ಆಗ್ತಾನಾ ಅನ್ನೋದು.

ಪ್ರಶ್ನೆ: ಪದವೀಧರ ಕ್ಷೇತ್ರದ ಚುನಾವಣೆಗೆ ನಮ್ಮ ಮನೆಯಲ್ಲಿ ಮೂವರು ಪದವೀಧರರಿದ್ದರೂ ಒಬ್ಬರ ಹೆಸರೂ ಪಟ್ಟಿಯಲ್ಲಿರಲಿಲ್ಲ. ವಿಧಾನಸಭೆ ಪಟ್ಟಿಯಲ್ಲಿ ಎಲ್ಲರ ಹೆಸರೂ ಇದೆ. ಇದು ಹೇಗೆ?
— ಅಮ್ಮತ್ತಿಯಿಂದ ಒಬ್ಬ ಓದುಗರು

ಉತ್ತರ: ಪ್ರೈಮರಿಗೆ ತುಸು ಹತ್ತಿರ ಬರೋದು ಅಂದರೆ ನಮ್ಮಲ್ಲಿ ಇದೇ ಚುನಾವಣೆ. ಆಸಕ್ತಿ ಇದ್ದವರು ತಾವಾಗಿ ಹೋಗಿ ಸೇರಿದರಷ್ಟೇ ವೋಟು. ಹಾಗಾಗಿ ಇಲ್ಲಿ ಬಿದ್ದ ವೋಟು ನೋಡಿಯೂ ವಿಧಾನಸಭೆಯ ಭವಿಷ್ಯ ಹೇಳೋಕೆ ಹೋಗಬಾರದು.

ಕೊಡಗು ಬರೋದು ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಕ್ಷೇತ್ರಕ್ಕೆ. ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು, ಶಿವಮೊಗ್ಗ ಎಲ್ಲ ಇದರಲ್ಲೇ ಇವೆ. ವಿಧಾನಸಭೆಯ ಪಟ್ಟಿಯಿಂದ ಇಲ್ಲಿಗೆ ಹೆಸರು ತಾನಾಗಿ ಬರೋದಿಲ್ಲ. ಪ್ರತಿ ಚುನಾವಣೆಗೂ ಪಟ್ಟಿಯನ್ನು ಹೊಸದಾಗೇ ಮಾಡ್ತಾರೆ, ಹಿಂದಿನ ಸಲ ಹೆಸರಿದ್ದರೂ ಮತ್ತೆ ಅರ್ಜಿ ಹಾಕಬೇಕು. ನಿಮ್ಮ ಮನೆಯವರ ಹೆಸರು ಯಾರೋ ತೆಗೆದುಹಾಕಿದ್ದಲ್ಲ, ಸೇರಿಯೇ ಇರಲಿಲ್ಲ ಅಷ್ಟೇ.

ತುಂಬಬೇಕಾದ್ದು ನಮೂನೆ 18. ಕ್ಷೇತ್ರದ ವ್ಯಾಪ್ತಿಯಲ್ಲಿ ವಾಸ ಇರಬೇಕು. ಅರ್ಹತೆಗೆ ಲೆಕ್ಕ ಹಿಡಿಯುವ ದಿನ ನವೆಂಬರ್ 1, ಆ ಹೊತ್ತಿಗೆ ಪದವಿ ಮುಗಿದು ಕನಿಷ್ಠ 3 ವರ್ಷ ಆಗಿರಬೇಕು. ಪದವಿ ಪ್ರಮಾಣಪತ್ರದ ದೃಢೀಕರಿಸಿದ ಪ್ರತಿ ಜೊತೆಗಿಡಿ. ಕಳೆದ ಚುನಾವಣೆ 2024ರ ಜೂನ್‌ನಲ್ಲಿ ಆಯಿತು, ಸದಸ್ಯರ ಅವಧಿ 6 ವರ್ಷ, ಮುಂದಿನದು 2030ಕ್ಕೆ. ಅಂದರೆ 2029ರ ಶರತ್ಕಾಲದಲ್ಲಿ ನೋಂದಣಿ ಪ್ರಕಟಣೆ ಬಂದಾಗ ಮೂವರೂ ಒಟ್ಟಿಗೆ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಸ್ವೀಕೃತಿ ಚೀಟಿ ಕೇಳಿ ತಗೊಳ್ಳಿ. ಕರಡು ಪಟ್ಟಿ ಬಂದಾಗ ಹೆಸರು ಇದೆಯಾ ಅಂತ ಒಮ್ಮೆ ನೋಡಿ, ಇಲ್ಲದಿದ್ದರೆ ಆಕ್ಷೇಪಣೆಗೆ ಆಗಲೂ ಅವಕಾಶ ಇರುತ್ತೆ.